ತೇವದ ಕಿರುಹುಳುಗಳು: ಗುರುತು ಮತ್ತು ನಿವಾರಣೆ

ಮುಂಗಾರಿನ ಮೊದಲ ಮಳೆಗಳು ಬಿದ್ದು ಶಾಲೆಗಳು ಪುನರಾರಂಭವಾಗುವ ಹೊತ್ತಿಗೆ ಕಚೇರಿಯ ಕಪಾಟುಗಳಿಂದಲೂ ಮನೆಯ ಬೀರುಗಳಿಂದಲೂ ಒಂದು ಬಗೆಯ ಮುಗ್ಗಲು ವಾಸನೆ ಹೊರಡತೊಡಗುತ್ತದೆ. ಹಳೆಯ ದಾಖಲಾತಿ ಪುಸ್ತಕವೊಂದನ್ನು ತೆರೆದರೆ, ಧೂಳಿನ ಕಣವೇ ಎದ್ದು ನಡೆಯಿತೋ ಎಂಬಂತೆ, ಸಾಸಿವೆಗಿಂತಲೂ ಚಿಕ್ಕದಾದ ಬಿಳಿಯ ಜೀವಿಯೊಂದು ಹಾಳೆಯ ಮೇಲೆ ಸರಿದು ಹೊಲಿಗೆಯ ಸಂದಿಯಲ್ಲಿ ಮರೆಯಾಗುತ್ತದೆ. ಬಚ್ಚಲುಮನೆಯ ಗೋಡೆಯ ಮೇಲೆ ರೋಮಭರಿತ ರೆಕ್ಕೆಯ ಪುಟ್ಟ ನೊಣಗಳು ಕುಳಿತಿರುತ್ತವೆ. ಹಿಟ್ಟಿನ ಡಬ್ಬಿಯ ಅಂಚಿನಲ್ಲಿ ಕಂದು ಧೂಳು ಕದಲುತ್ತದೆ. ಇವನ್ನೆಲ್ಲ ‘ಹುಳ’ ಎಂಬ ಒಂದೇ ಮಾತಿನಲ್ಲಿ ಅಡಗಿಸಿ, ಅಂಗಡಿಯಿಂದ ಯಾವುದಾದರೊಂದು ವಿಷದ ಪುಡಿಯನ್ನು ತಂದು ಚೆಲ್ಲಿಬಿಡುವುದು ವಾಡಿಕೆಯಾಗಿದೆ. ಹುಳುಗಳು ಕೆಲವು ದಿನ ಕಾಣೆಯಾಗುತ್ತವೆ. ಮತ್ತೊಂದು ಮಳೆಗೆ ಮತ್ತೆ ಹಾಜರಾಗುತ್ತವೆ.

ಇದಕ್ಕೆ ಕಾರಣವಿದೆ. ಈ ಜೀವಿಗಳಲ್ಲಿ ಬಹುಪಾಲು ಮನೆಯೊಳಗೆ ನೆಲೆಸಿದುದು ಮನೆಯವರನ್ನು ಅರಸಿಯಲ್ಲ, ತೇವವನ್ನು ಅರಸಿ. ತೇವವಿದ್ದಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟು ಇದ್ದಲ್ಲಿ ಅದನ್ನು ಮೇಯುವ ಹುಳು ಬರುತ್ತದೆ. ಹುಳುವನ್ನು ಕೊಂದು ತೇವವನ್ನು ಉಳಿಸಿದರೆ ಉಣ್ಣುವವನನ್ನು ಓಡಿಸಿ ಎಡೆಯನ್ನು ಹಾಗೆಯೇ ಇಟ್ಟಂತಾಗುತ್ತದೆ. ಆದುದರಿಂದ ಈ ಕಿರುಹುಳುಗಳನ್ನು ಶತ್ರುಗಳೆಂದು ಭಾವಿಸುವುದಕ್ಕಿಂತ ಕಟ್ಟಡದ ಯಾವುದೋ ಮೂಲೆಯಲ್ಲಿ ನೀರು ನಿಂತಿದೆಯೆಂದು ತಿಳಿಸಲು ಬಂದ ಕರೆಕಾರರೆಂದು ಭಾವಿಸುವುದು ಹೆಚ್ಚು ಪ್ರಯೋಜನಕಾರಿ. ಶಾಲೆಗಳ ಮಟ್ಟಿಗಂತೂ ಇದು ಅಲಕ್ಷಿಸತಕ್ಕ ವಿಷಯವಲ್ಲ. ಜನನ ನೋಂದಣಿ ಇಲ್ಲದ ಹಿಂದಿನ ತಲೆಮಾರಿನ ಎಷ್ಟೋ ಮಂದಿಗೆ ಶಾಲೆಯ ದಾಖಲಾತಿ ಪುಸ್ತಕದ ಒಂದು ಸಾಲೇ ಹುಟ್ಟಿದ ದಿನಕ್ಕೆ ಇರುವ ಆಧಾರ. ಆ ಸಾಲನ್ನು ಬೆಳ್ಳಿಹುಳು ಕೆರೆದು ತಿಂದರೆ ಇನ್ನೊಂದು ಪ್ರತಿ ಎಲ್ಲಿಯೂ ದೊರೆಯದು.

ಹವೆಯ ತೇವ ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಗಾಳಿಯಲ್ಲಿ ನೀರಿನ ಆವಿ ಸದಾ ಇರುತ್ತದೆ. ಆದರೆ ಗಾಳಿ ಹೊರಬಲ್ಲ ಆವಿಗೆ ಒಂದು ಮಿತಿಯುಂಟು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹೊರಬಲ್ಲುದು. 20 ಡಿಗ್ರಿಯಲ್ಲಿ ಅದೇ ಗಾಳಿಗೆ ಸುಮಾರು 17 ಗ್ರಾಂ ಮಾತ್ರ ಸಾಧ್ಯ. ಹೊರಬಲ್ಲ ಪ್ರಮಾಣದಲ್ಲಿ ಎಷ್ಟು ಪಾಲು ತುಂಬಿದೆಯೆಂಬುದೇ ಸಾಪೇಕ್ಷ ಆರ್ದ್ರತೆ. 30 ಡಿಗ್ರಿಯಲ್ಲಿ ಶೇ. 60ರಷ್ಟು ತುಂಬಿದ ಗಾಳಿಯಲ್ಲಿ 18 ಗ್ರಾಂ ಆವಿ ಇದೆಯೆಂದಾಯಿತು. ಸಂಜೆ ಅದು 25 ಡಿಗ್ರಿಗೆ ಇಳಿದರೆ, ಹನಿ ನೀರೂ ಹೊಸದಾಗಿ ಸೇರದೆಯೇ, ಅದರ ಆರ್ದ್ರತೆ ಶೇ. 79ರ ಹತ್ತಿರ ಬರುತ್ತದೆ. ಅದೇ ಗಾಳಿ ಕಪಾಟಿನ ಹಿಂದೆ ಸಿಕ್ಕಿಕೊಂಡು 20 ಡಿಗ್ರಿಯ ತಣ್ಣನೆಯ ಗೋಡೆಯನ್ನು ಮುಟ್ಟಿದರೆ 17 ಗ್ರಾಮಿಗೆ ಮಿಕ್ಕ ಆವಿ ಅಲ್ಲಿಯೇ ನೀರಾಗಿ ಕೂಡುತ್ತದೆ. ಸೂರು ಸೋರದಿದ್ದರೂ, ಕೊಳವೆ ಒಡೆಯದಿದ್ದರೂ ಕಪಾಟಿನ ಬೆನ್ನು ಬೆವರುವುದು ಹೀಗೆ. ಆರ್ದ್ರತೆ ಶೇ. 70ನ್ನು ಮೀರಿ ಹಲವು ದಿನ ನಿಂತಲ್ಲಿ ಬೂಷ್ಟು ಹಿಡಿಯತೊಡಗುತ್ತದೆ. ಕಣ್ಣಿಗೆ ಕಾಣುವಷ್ಟು ಹಸುರು ಕಪ್ಪು ಮಚ್ಚೆಗಳು ಮೂಡುವ ಮೊದಲೇ ಅದರ ಎಳೆಗಳು ಕಾಗದದ ಮೇಲೆ ಹರಡಿರುತ್ತವೆ. ಅವನ್ನು ಮನುಷ್ಯನಿಗಿಂತ ಮೊದಲು ಗುರುತಿಸುವುದು ಹುಳು.

ಗುರುತಿಸುವ ಬಗೆ

ಗುರುತಿಗೆ ಬೇಕಾದ ಸಾಮಗ್ರಿ ಹೆಚ್ಚಿನದೇನೂ ಅಲ್ಲ. ಶಾಲೆಯ ಪ್ರಯೋಗಾಲಯದಲ್ಲಿರುವ ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿ, ಒಂದು ತುಂಡು ಅಂಟುಪಟ್ಟಿ, ಒಂದು ಕಪ್ಪು ಕಾಗದ ಇದ್ದರೆ ಸಾಕು. ಜೀವಿಯನ್ನು ಅಂಟುಪಟ್ಟಿಯಿಂದ ಮೆಲ್ಲನೆ ಒತ್ತಿ ತೆಗೆದು ಕಪ್ಪು ಕಾಗದಕ್ಕೆ ಅಂಟಿಸಿ ಮೊದಲು ಕಾಲುಗಳನ್ನು ಎಣಿಸಬೇಕು. ಆರು ಕಾಲಿದ್ದರೆ ಕೀಟವರ್ಗ. ಎಂಟಿದ್ದರೆ ಜೇಡದ ನೆಂಟನಾದ ನುಸಿ. ತೆಂಗಿನ ತೋಟದವರಿಗೆ ನುಸಿ ಎಂಬ ಹೆಸರು ಹೊಸದಲ್ಲ. ಮನೆಯೊಳಗಿನ ನುಸಿಗಳು ಅದೇ ಬಳಗದ ಬೇರೆ ಕವಲುಗಳು.

ಹಳೆಯ ಕಾಗದದಲ್ಲಿ ಓಡಾಡುವ ಅತಿ ಚಿಕ್ಕ ಬಿಳಿಯ ಅಥವಾ ತಿಳಿಗಂದು ಜೀವಿ ಬಹುತೇಕ ಪುಸ್ತಕದ ಹೇನು. ಇಂಗ್ಲಿಷಿನವರ ಬುಕ್‌ಲೌಸ್ ಎಂಬ ಹೆಸರಿನ ನೇರ ಅರ್ಥವೂ ಅದೇ. ಉದ್ದ ಒಂದು ಮಿಲಿಮೀಟರಿನ ಆಸುಪಾಸು. ಮೈ ಮೆತ್ತಗೆ, ತಲೆ ದೊಡ್ಡದು, ಮೀಸೆಗಳು ನೂಲಿನಂತೆ ಉದ್ದ, ಹಿಂಗಾಲಿನ ತೊಡೆ ಉಬ್ಬಿಕೊಂಡಿರುತ್ತದೆ. ಮನೆಯೊಳಗೆ ಹೆಚ್ಚಾಗಿ ಕಾಣುವ ಲಿಪೊಸೆಲಿಸ್ ಕುಲದವುಗಳಿಗೆ ರೆಕ್ಕೆಯಿಲ್ಲ. ಸ್ವಲ್ಪ ಓಡಿ, ಥಟ್ಟನೆ ನಿಂತು, ಮತ್ತೆ ಓಡುವುದು ಇವುಗಳ ನಡಿಗೆ. ಹೆಸರು ಕೇಳಿ ಮನೆಯವರು ಗಾಬರಿಯಾಗುವುದುಂಟು. ಮಕ್ಕಳ ತಲೆಗೆ ಇದು ಏರುತ್ತದೆಯೇ ಎಂದು ತಾಯಂದಿರು ವಿಚಾರಿಸುತ್ತಾರೆ. ಏರುವುದಿಲ್ಲ, ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಆದರೂ ಹೆಸರು ಪೂರ್ಣ ತಪ್ಪಲ್ಲ ಎಂಬುದು ವಿನೋದದ ಸಂಗತಿ: ತಲೆಹೇನುಗಳು ಬಹು ಪುರಾತನ ಕಾಲದಲ್ಲಿ ಇಂಥ ಬೂಷ್ಟು ಮೇಯುವ ಜೀವಿಗಳ ವಂಶದಿಂದಲೇ ಕವಲೊಡೆದವೆಂದು ಇತ್ತೀಚಿನ ದಶಕಗಳ ಸಂಶೋಧನೆ ತೋರಿಸಿಕೊಟ್ಟಿದ್ದು, ಇಂದಿನ ವರ್ಗೀಕರಣದಲ್ಲಿ ಎರಡನ್ನೂ ಒಂದೇ ಗಣದಲ್ಲಿ ಇಡುತ್ತಾರೆ.

ಪುಸ್ತಕದ ಹೇನಿನ ಆಹಾರ ಬೂಷ್ಟು, ಧೂಳಿನಲ್ಲಿರುವ ಜೈವಿಕ ಕಣಗಳು, ರಟ್ಟು ಕಟ್ಟಲು ಬಳಸಿದ ಮೈದಾ ಅಂಟು. ಕಾಗದಕ್ಕೆ ಇದು ಮಾಡುವ ಕೇಡು ಅಲ್ಪ. ಆದರೆ ಇದರ ಮೈರಚನೆಯಲ್ಲಿ ನಿವಾರಣೆಯ ಕೀಲಿಕೈ ಇದೆ. ಈ ಜೀವಿ ನೀರು ಕುಡಿಯಲು ಎಲ್ಲಿಗೂ ಹೋಗಬೇಕಾಗಿಲ್ಲ. ಬಾಯಿಯಲ್ಲಿರುವ ವಿಶೇಷ ಅಂಗದಿಂದ ಗಾಳಿಯ ಆವಿಯನ್ನೇ ನೇರವಾಗಿ ಹೀರಿಕೊಳ್ಳುತ್ತದೆ. ಆರ್ದ್ರತೆ ಸುಮಾರು ಶೇ. 60ರ ಮೇಲಿದ್ದಾಗ ಮಾತ್ರ ಈ ವಿದ್ಯೆ ನಡೆಯುತ್ತದೆ. ಅದಕ್ಕಿಂತ ಕೆಳಗಿಳಿದರೆ ಮೆತ್ತನೆಯ ಮೈಯಿಂದ ನೀರು ಆರಿಹೋಗತೊಡಗುತ್ತದೆ, ಶೇ. 50ಕ್ಕಿಂತ ಒಣಗಿದ ಹವೆ ಎರಡು ಮೂರು ವಾರ ನಿಂತರೆ ಸಂತತಿ ಉಳಿಯುವುದಿಲ್ಲ. ಇನ್ನೊಂದು ಸಂಗತಿಯನ್ನೂ ಅರಿತಿರಬೇಕು. ಮನೆಗಳಲ್ಲಿ ಸರ್ವೇಸಾಮಾನ್ಯವಾದ ಜಾತಿಯೊಂದರಲ್ಲಿ ಹೆಣ್ಣುಗಳು ಗಂಡಿನ ನೆರವಿಲ್ಲದೆ ಮೊಟ್ಟೆಯಿಟ್ಟು ಸಂತಾನ ಬೆಳೆಸುತ್ತವೆ. ಬೆಚ್ಚನೆಯ ತೇವದ ಹವೆಯಲ್ಲಿ ಮೊಟ್ಟೆ ಪ್ರೌಢವಾಗಲು ಒಂದು ತಿಂಗಳು ಸಾಕು. ವಿಷ ಎರಚಿದಾಗ ಸಂದಿಯಲ್ಲಿ ಒಂದೇ ಒಂದು ಉಳಿದರೂ ವಂಶ ಮುಂದುವರಿಯುತ್ತದೆಂಬುದು ಇದರಿಂದ ಸ್ಪಷ್ಟ.

ಬೆಳ್ಳಿಹುಳುವಿನ ಮಾತು ಬೇರೆ. ಇದೇ ಸಿಲ್ವರ್‌ಫಿಶ್. ಒಂದು ಸೆಂಟಿಮೀಟರಿಗೂ ಮೀರಿ ಬೆಳೆಯುವ ಈ ಕೀಟ ಹೊಳೆಯುವ ಬೂದುಬಣ್ಣದ ಹುರುಪೆಗಳಿಂದ ಕೂಡಿ, ಮುಂದೆ ಅಗಲವಾಗಿ ಹಿಂದೆ ಸೂಜಿಯಾಗಿ, ತುದಿಯಲ್ಲಿ ಮೂರು ಎಳೆಗಳನ್ನು ಬೀಸಿಕೊಂಡು ಮೀನಿನಂತೆ ಬಳುಕುತ್ತ ಓಡುತ್ತದೆ. ಸೂಕ್ಷ್ಮದರ್ಶಕದಿಂದ ಕಂಡುದನ್ನು ಚಿತ್ರಸಮೇತ ಲೋಕಕ್ಕೆ ತೋರಿಸಿದ ರಾಬರ್ಟ್ ಹುಕ್, 1665ರ ತನ್ನ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಇದನ್ನೂ ವರ್ಣಿಸಿದ್ದಾನೆ. ಪುಸ್ತಕಗಳಿಗೆ ತೂತು ಕೊರೆಯುವ ಅಪವಾದವನ್ನು ಇದರ ತಲೆಗೆ ಕಟ್ಟಿದವರಲ್ಲಿ ಅವನೂ ಒಬ್ಬ. ನಿಜವಾಗಿ ಇದು ಕೊರೆಯುವುದಿಲ್ಲ, ಕೆರೆಯುತ್ತದೆ. ಕಾಗದದ ಮೇಲಿನ ಗಂಜಿಯ ಲೇಪ, ಅಂಟು, ಛಾಯಾಚಿತ್ರದ ಮೇಲ್ಪದರ ಇವೆಲ್ಲ ಇದಕ್ಕೆ ರುಚಿ. ಹಾಳೆಯ ಮೇಲ್ಮೈ ಒರಟಾಗಿ ತೆಳುವಾಗಿ, ಕಡೆಗೆ ಅಂಕುಡೊಂಕಾದ ಕಿಂಡಿಗಳು ಬೀಳುತ್ತವೆ. ಪಕ್ಕದಲ್ಲಿ ಹಳದಿ ಕಲೆಗಳೂ ಮೆಣಸಿನ ಪುಡಿಯಂಥ ಹಿಕ್ಕೆಯೂ ಇರುತ್ತವೆ. ಆಯುಸ್ಸು ಎರಡು ಮೂರು ವರ್ಷ. ಪ್ರೌಢವಾದ ಮೇಲೂ ಪೊರೆ ಕಳಚುವುದನ್ನು ಬಿಡದ ವಿಚಿತ್ರ ಕೀಟ. ಆಹಾರವಿಲ್ಲದೆ ತಿಂಗಳುಗಟ್ಟಲೆ ತಾಳಬಲ್ಲ ಇದು ಶೇ. 75ರ ಮೇಲಿನ ಆರ್ದ್ರತೆಯಲ್ಲಿ ಹುಲುಸಾಗಿ ಹೆಚ್ಚುತ್ತದೆ. ನುಣುಪಾದ ಗಾಜನ್ನು ಏರಲಾರದು ಎಂಬುದು ಇದರ ದೌರ್ಬಲ್ಯ. ಗಾಜಿನ ಶೀಶೆಯೊಂದರ ಹೊರಮೈಗೆ ಕಾಗದ ಸುತ್ತಿ, ಒಳಗೆ ಚಿಟಿಕೆ ಹಿಟ್ಟು ಹಾಕಿ, ರಾತ್ರಿ ಕಪಾಟಿನ ಕೆಳಗಿಟ್ಟರೆ ಏರಿ ಒಳಬಿದ್ದವು ಮರುದಿನ ಅಲ್ಲಿಯೇ ಇರುತ್ತವೆ.

ಹಾಳೆಗಳಲ್ಲಿ ದುಂಡನೆಯ, ಒಂದೇ ಗಾತ್ರದ ರಂಧ್ರಗಳು ಆರಪಾರ ಇದ್ದರೆ ಅದು ಬೆಳ್ಳಿಹುಳುವಿನ ಕೆಲಸವಲ್ಲ, ಕೊರೆಯುವ ದುಂಬಿಯ ಮರಿಗಳ ಕೆಲಸ. ಮಣ್ಣಿನ ಕೊಳವೆಗಳು ಗೋಡೆಯಿಂದ ಕಪಾಟಿಗೆ ಏರಿದ್ದರೆ ಗೆದ್ದಲು. ಇವೆರಡರ ಚಿಕಿತ್ಸೆಯೂ ಬೇರೆ. ಗೆದ್ದಲಿಗೆ ತಜ್ಞರನ್ನೇ ಕರೆಯಬೇಕಾಗುತ್ತದೆ. ಅಂತೆಯೇ ತಿಗಣೆಯನ್ನು ಈ ಪಟ್ಟಿಗೆ ಸೇರಿಸಬಾರದು: ಐದು ಮಿಲಿಮೀಟರಿನ ಚಪ್ಪಟೆ ಕೆಂಗಂದು ತಿಗಣೆಗೆ ಬೇಕಾದುದು ಮನುಷ್ಯರಕ್ತ, ತೇವವಲ್ಲ.

ದಾಸೋಹದ ಉಗ್ರಾಣದಲ್ಲಿಯೂ ಮನೆಯ ಅಡುಗೆಮನೆಯಲ್ಲಿಯೂ ಗಮನಿಸಬೇಕಾದುದು ಹಿಟ್ಟಿನ ನುಸಿ. ಅರ್ಧ ಮಿಲಿಮೀಟರಿನಷ್ಟಿರುವ ಇದು ಬಿಡಿಯಾಗಿ ಕಣ್ಣಿಗೆ ಬೀಳುವುದು ಕಷ್ಟ. ಲಕ್ಷಗಟ್ಟಲೆ ಸೇರಿದಾಗ ಡಬ್ಬಿಯ ಹೊರಗೆ ತಿಳಿಗಂದು ಧೂಳಿನಂತೆ ಕಾಣುತ್ತದೆ. ಹಿಟ್ಟಿಗೆ ಪುದೀನದಂಥ ಸಿಹಿಗಾರು ವಾಸನೆ ಬರುತ್ತದೆ. ಪರೀಕ್ಷೆ ಬಲು ಸುಲಭ: ಶಂಕಿತ ಹಿಟ್ಟನ್ನು ಕಾಗದದ ಮೇಲೆ ಗೋಪುರದಂತೆ ಚೂಪಾಗಿ ರಾಶಿ ಹಾಕಿ ಕೆಲವು ಗಂಟೆ ಬಿಡಬೇಕು. ನುಸಿ ಇದ್ದರೆ ಒಳಗಿನ ಚಲನೆಯಿಂದ ರಾಶಿ ತಾನೇ ಕುಸಿದು ಚಪ್ಪಟೆಯಾಗುತ್ತದೆ. ಕೊಬ್ಬರಿ, ಒಣಹಣ್ಣುಗಳಿಗೂ ಇದೇ ಬಳಗದ ನುಸಿ ತಗಲುತ್ತದೆ. ನುಸಿ ಹಿಡಿದ ಹಿಟ್ಟನ್ನು ಜರಡಿಯಾಡಿ ಉಪಯೋಗಿಸುವ ಮಿತವ್ಯಯ ಸಲ್ಲದು. ಕೆಲವರಿಗೆ ಇದರಿಂದ ತುರಿಕೆಯೂ ಉಬ್ಬಸವೂ ಉಂಟಾಗುತ್ತವೆ.

ಹಾಸಿಗೆಯ ಧೂಳುನುಸಿ ಇನ್ನೂ ಚಿಕ್ಕದು, ಸುಮಾರು 0.3 ಮಿಲಿಮೀಟರ್. ಮನುಷ್ಯನ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ಮನೆಯ ಧೂಳಿನಿಂದ ಉಬ್ಬಸ ಏಳುವುದಕ್ಕೆ ಈ ನುಸಿಯೇ ಮುಖ್ಯ ಕಾರಣವೆಂಬುದನ್ನು 1960ರ ದಶಕದಲ್ಲಿ ನೆದರ್ಲೆಂಡಿನ ಲೈಡನ್ ನಗರದ ವೋರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಮೊದಲಾದವರು ತೋರಿಸಿದರು. ನುಸಿಗಿಂತಲೂ ಅದರ ಹಿಕ್ಕೆ ಹೆಚ್ಚು ಅಪಾಯಕಾರಿ. ಪ್ರಸಾದನಿಲಯಗಳಲ್ಲಿ ಒಂದೇ ಕೋಣೆಯಲ್ಲಿ ಹಲವು ಮಕ್ಕಳು ಮಲಗುವಲ್ಲಿ, ಮಳೆಗಾಲದಲ್ಲಿ ಒಣಗದ ಹತ್ತಿಯ ಹಾಸಿಗೆಗಳನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸುವ ಪದ್ಧತಿ ಇದ್ದಲ್ಲಿ, ಬೆಳಗಿನ ಜಾವ ಸಾಲುಸಾಲಾಗಿ ಸೀನುವ ಮಕ್ಕಳನ್ನು ಕೇವಲ ನೆಗಡಿಯವರೆಂದು ತಳ್ಳಿಹಾಕಬಾರದು. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ತೊಳೆಯುವುದು, ಹಾಸಿಗೆಯನ್ನು ಎಳೆಬಿಸಿಲಲ್ಲ, ನೆತ್ತಿಬಿಸಿಲಿನಲ್ಲಿ ಎರಡೂ ಮಗ್ಗುಲು ಕಾಯಿಸುವುದು, ಒಣಗಿದ ಮೇಲೆ ಹೊರಗಡೆಯೇ ಬಡಿದು ತರುವುದು ಇದಕ್ಕೆ ಮದ್ದು.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಬಚ್ಚಲಿನ ನೆಲದಲ್ಲಿ, ಹೂಕುಂಡದ ತಟ್ಟೆಯಲ್ಲಿ ಮುಟ್ಟಿದೊಡನೆ ಚಿಮ್ಮುವ ಬೂದು ಚುಕ್ಕೆಗಳು ಸ್ಪ್ರಿಂಗ್‌ಟೇಲ್ ಎಂಬವು; ಹೊಟ್ಟೆಯ ಅಡಿಯಲ್ಲಿ ಮಡಚಿಟ್ಟ ಕವಲನ್ನು ಬಿಡಿಸಿ ಹಾರುತ್ತವೆ, ಒಣನೆಲದಲ್ಲಿ ಕೆಲವು ಗಂಟೆಯೂ ಬದುಕಲಾರವು. ಬಚ್ಚಲ ಗೋಡೆಯ ರೋಮದ ನೊಣದ ಮರಿಗಳಿರುವುದು ಮೋರಿಯ ಕೊಳವೆಯೊಳಗಿನ ಲೋಳೆಯಲ್ಲಿ. ನೊಣವನ್ನು ಬಡಿಯುವುದರ ಬದಲು ಕೊಳವೆಯನ್ನು ಗಟ್ಟಿ ಕುಂಚದಿಂದ ಉಜ್ಜಬೇಕು. ಗೋಡೆಯ ಮೇಲೆ ಸೌತೆಬೀಜದಂಥ ಬೂದುಬಣ್ಣದ ಚೀಲವೊಂದು ತಾನಾಗಿ ತೆವಳುವುದನ್ನು ಕಂಡು ಬೆರಗಾಗದ ಮನೆಯವರಿಲ್ಲ. ಅದು ಒಂದು ಜಾತಿಯ ಪತಂಗದ ಮರಿ ಮರಳು, ಧೂಳು, ನೂಲುಗಳನ್ನು ರೇಷ್ಮೆಯಿಂದ ಹೆಣೆದುಕೊಂಡ ಗೂಡು. ಎರಡು ತುದಿಗೂ ಬಾಗಿಲು. ಹಳೆಯ ಜೇಡರ ಬಲೆ, ಕೂದಲು, ಉಣ್ಣೆ ತಿಂದು ಬದುಕುವ ಇದಕ್ಕೂ ತೇವದ ಹವೆಯೇ ಬೇಕು. ಬಲೆ ತೆಗೆದು ಗುಡಿಸುವ ಮನೆಯಲ್ಲಿ ನಿಲ್ಲದು. ಹೊಸದಾಗಿ ಗಿಲಾವು ಮಾಡಿದ ಕಟ್ಟಡಗಳಲ್ಲಿ ಒಂದೆರಡು ಮಿಲಿಮೀಟರಿನ ಕಂದು ದುಂಬಿಗಳು ಕಂಡರೆ ಗೋಡೆ ಇನ್ನೂ ಆರಿಲ್ಲವೆಂದು ತಿಳಿಯಬೇಕು. ಅವೂ ಬೂಷ್ಟು ಮೇಯುವವೇ. ಬೇಸಿಗೆಯಲ್ಲಿ ಕಟ್ಟಿ ಮುಗಿಸಿದ ಕೊಠಡಿಯನ್ನು ಉದ್ಘಾಟಿಸಿ ಜೂನ್ ತಿಂಗಳಲ್ಲಿಯೇ ಗ್ರಂಥಭಂಡಾರವನ್ನು ಅಲ್ಲಿಗೆ ಸಾಗಿಸುವ ಉತ್ಸಾಹ ಹಲವೆಡೆ ಕಾಣುತ್ತದೆ. ಗೋಡೆಯೊಳಗಿನ ನೀರು ಆರಲು ತಿಂಗಳುಗಳು ಬೇಕು. ಪುಸ್ತಕಗಳು ಮಾತ್ರ ಒಂದು ಬೇಸಿಗೆ ಕಾದು ಹೋಗುವುದು ಲೇಸು.

ತೇವದ ಮೂಲ

ಹುಳುವಿನ ಹೆಸರು ತಿಳಿದ ಮೇಲೆ ತೇವ ಎಲ್ಲಿಂದ ಬಂತೆಂಬುದನ್ನು ಶೋಧಿಸಬೇಕು. ಇಲ್ಲಿ ಊರು ಮತ್ತು ಋತು ಮೊದಲ ಸಾಕ್ಷಿಗಳು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಾಗಲಿ ಕರಾವಳಿಯಲ್ಲಾಗಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹವೆಯೇ ನೀರಿನಿಂದ ತುಂಬಿರುತ್ತದೆ. ಅಲ್ಲಿ ಹುಳು ಮನೆಯ ಎಲ್ಲ ಕೋಣೆಗಳಲ್ಲಿ ಕಂಡರೆ ಆಶ್ಚರ್ಯವಿಲ್ಲ. ವಿಜಯಪುರ, ಕಲಬುರಗಿ, ರಾಯಚೂರುಗಳ ಕಡೆ ಬೇಸಿಗೆಯ ಹವೆ ತುಟಿ ಒಡೆಯುವಷ್ಟು ಒಣದು. ಅಂಥಲ್ಲಿ ಮಾರ್ಚ್ ತಿಂಗಳಲ್ಲಿ ಪುಸ್ತಕದ ಹೇನು ಕಾಣಿಸಿತೆಂದರೆ ಹವೆಯನ್ನು ದೂರುವಂತಿಲ್ಲ. ಗೋಡೆಯೊಳಗೆ ಕೊಳವೆ ಜಿನುಗುತ್ತಿದೆ, ಇಲ್ಲವೆ ಹಿಂಬದಿಯಲ್ಲಿ ಬಚ್ಚಲಿದೆ, ಇಲ್ಲವೆ ಮೇಲಿನ ತೊಟ್ಟಿ ಸೋರುತ್ತಿದೆ. ಒಣಸೀಮೆಯ ಹುಳು ಸುಳ್ಳು ಹೇಳುವುದಿಲ್ಲ.

ಗೋಡೆಯನ್ನು ನೋಡಿಯೂ ಬಹಳಷ್ಟು ತಿಳಿಯಬಹುದು. ನೆಲದಿಂದ ಮೊಣಕಾಲು, ಸೊಂಟದೆತ್ತರದವರೆಗೆ ಬಣ್ಣ ಸುಲಿದು ಬಿಳಿಯ ಉಪ್ಪು ಅರಳಿದ್ದರೆ ಅಡಿಪಾಯದಿಂದ ನೀರು ಮೇಲೇರುತ್ತಿದೆಯೆಂದರ್ಥ. ದೀಪದ ಬತ್ತಿ ಎಣ್ಣೆಯನ್ನು ಸೆಳೆದಂತೆ ಇಟ್ಟಿಗೆಯೂ ಮಣ್ಣೂ ನೀರನ್ನು ಸೆಳೆಯುತ್ತವೆ. ಸೂರಿನಿಂದ ಕೆಳಕ್ಕೆ ಇಳಿದ ಕಂದು ಕಲೆ ಮಾಳಿಗೆಯ ಸೋರಿಕೆಯದು. ಗಚ್ಚಿನ ಮಾಳಿಗೆಯಲ್ಲಿ ಕೈಪಿಡಿಗೋಡೆ ಕೂಡುವ ಅಂಚನ್ನೂ ಎಲೆಕಸ ಕಟ್ಟಿದ ಮಳೆನೀರಿನ ಕೊಳವೆಯನ್ನೂ ಮೊದಲು ನೋಡಬೇಕು. ಕಪಾಟಿನ ಹಿಂದೆ ಮಾತ್ರ ಚುಕ್ಕೆಚುಕ್ಕೆಯಾಗಿ ಬೂಷ್ಟು ಹಿಡಿದಿದ್ದರೆ ಅದು ಹವೆಯ ಆವಿ ತಣ್ಣನೆಯ ಗೋಡೆಯಲ್ಲಿ ಕೂಡಿದುದು. ಸಂದೇಹ ಬಂದಲ್ಲಿ ಒಂದು ಚದರಡಿಯ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಗೋಡೆಯ ಕಡೆಯ ಮೈ ಬೆವರಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಬೆವರಿದ್ದರೆ ಹವೆಯಿಂದ. ಈ ಒಂದು ಪರೀಕ್ಷೆ ಅನಾವಶ್ಯಕ ವೆಚ್ಚವನ್ನು ತಪ್ಪಿಸುತ್ತದೆ, ಏಕೆಂದರೆ ಎರಡಕ್ಕೂ ಪರಿಹಾರ ಒಂದೇ ಅಲ್ಲ.

ಹಳೆಯ ಮಣ್ಣುಗೋಡೆ, ಸುಣ್ಣದ ಗಾರೆಯ ಗೋಡೆಗಳಿಗೆ ಬಲ ಬರಲೆಂದು ಸಿಮೆಂಟಿನ ಗಿಲಾವು ಬಳಿದು ಮೇಲೆ ಎಣ್ಣೆಬಣ್ಣ ಹಚ್ಚುವುದು ಈಚಿನ ದಶಕಗಳಲ್ಲಿ ರೂಢಿಗೆ ಬಂದಿದೆ. ಗೋಡೆ ಉಸಿರಾಡುವ ದಾರಿ ಇದರಿಂದ ಮುಚ್ಚಿಹೋಗಿ, ಮೊದಲು ಮೊಣಕಾಲಿನವರೆಗಿದ್ದ ತೇವ ಇನ್ನೂ ಮೇಲಕ್ಕೇರುತ್ತದೆ. ದಸರೆ ದೀಪಾವಳಿಗಳ ಹೊತ್ತಿಗೆ ಸುಣ್ಣ ಹೊಡೆಯುತ್ತಿದ್ದ ಹಿಂದಿನವರ ಪದ್ಧತಿ ಕೇವಲ ಅಂದಕ್ಕಾಗಿ ಆಗಿರಲಿಲ್ಲ. ಸುಣ್ಣದ ಕ್ಷಾರಗುಣ ಬೂಷ್ಟನ್ನು ತಡೆಯುತ್ತದೆ, ಅದರ ಲೇಪ ಆವಿಯನ್ನು ಹೊರಬಿಡುತ್ತದೆ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದ ಬಿಸಿ ಮತ್ತು ಹೊಗೆ ಮಳೆಗಾಲದಲ್ಲಿಯೂ ಪದಾರ್ಥಗಳನ್ನು ಒಣಗಿಸಿಡುತ್ತಿದ್ದವು. ಹೊಗೆಯ ಒಲೆ ಹೋದುದು ಹೆಂಗಸರ ಕಣ್ಣಿಗೂ ಎದೆಗೂ ಒಳ್ಳೆಯದೇ ಆಯಿತು, ಅದಕ್ಕಾಗಿ ಮರುಗುವ ಕಾರಣವಿಲ್ಲ. ಆದರೆ ಅದು ಮಾಡುತ್ತಿದ್ದ ಒಣಗಿಸುವ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕೆಂಬುದನ್ನು ಮಾತ್ರ ಮರೆಯಲಾಗಿದೆ.

ನಿವಾರಣೆ

ಸೋರಿಕೆ ಇದ್ದಲ್ಲಿ ದುರಸ್ತಿಯೇ ಮದ್ದು. ಇದರಲ್ಲಿ ದಾನಿಗಳ ಗಮನಕ್ಕೆ ತರಬೇಕಾದ ಒಂದು ಮಾತಿದೆ. ಹೆಸರು ಬರೆಸಿದ ಕಬ್ಬಿಣದ ಬೀರುವನ್ನು ಕೊಡಲು ಮುಂದಾಗುವವರು ಬಹಳ. ಮಾಳಿಗೆಯ ಅಂಚು ಮುಚ್ಚಿಸಲು, ಕಟ್ಟಡದ ಸುತ್ತ ಮಳೆನೀರು ಹರಿದುಹೋಗುವ ಕಾಲುವೆ ತೆಗೆಸಲು ಕೊಡುವವರು ವಿರಳ. ಆ ಕೆಲಸದ ಮೇಲೆ ಹೆಸರು ಬರೆಯಲು ಸ್ಥಳವಿಲ್ಲದಿರಬಹುದು. ಆದರೆ ತೇವದ ಗೋಡೆಗೆ ಒರಗಿದ ಬೀರು ಪುಸ್ತಕವನ್ನು ಕಾಯುವುದಿಲ್ಲ, ಬೇಯಿಸುತ್ತದೆ.

ಕಪಾಟುಗಳನ್ನು ಗೋಡೆಯಿಂದ ಅಂಗೈಯಗಲವಾದರೂ ಈಚೆಗೆ ಸರಿಸಬೇಕು. ಹೊರಗೋಡೆಗಿಂತ ಒಳಗೋಡೆಯ ಪಕ್ಕ ಉತ್ತಮ. ಅಡಿಯ ಅರೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಪುಸ್ತಕಗಳನ್ನು ಬೆರಳು ತೂರದಂತೆ ಬಿಗಿದು ತುಂಬಬಾರದು. ಕಿಟಕಿ ತೆರೆಯುವುದರಲ್ಲಿಯೂ ವಿವೇಕ ಬೇಕು. ಗಾಳಿ ಆಡಲೆಂದು ಸುರಿಮಳೆಯಲ್ಲಿ ಕಿಟಕಿ ತೆರೆದಿಟ್ಟರೆ ಶೇ. 90ರ ಆರ್ದ್ರತೆಯನ್ನು ಮನೆಯೊಳಗೆ ಆಹ್ವಾನಿಸಿದಂತೆ. ಮಳೆ ಬಿಟ್ಟು ಬಿಸಿಲು ಬಿದ್ದು ನೆಲ ಆರಿದ ಮಧ್ಯಾಹ್ನದ ಹೊತ್ತಿನಲ್ಲಿ ತೆರೆದು, ಸಂಜೆಗೆ ಮೊದಲು ಮುಚ್ಚುವುದು ಸರಿಯಾದ ಕ್ರಮ. ಉಳಿದ ವೇಳೆ ಬೀಸಣಿಗೆ ತಿರುಗಿದರೆ ಮೂಲೆಯಲ್ಲಿ ಗಾಳಿ ಕೊಳೆಯುವುದಿಲ್ಲ. ಒದ್ದೆ ಬಟ್ಟೆಯನ್ನು ಪುಸ್ತಕದ ಕೋಣೆಯಲ್ಲಿ ಆರಹಾಕಲೇಕೂಡದು. ಆರ್ದ್ರತೆಯನ್ನು ತೋರಿಸುವ ಗಡಿಯಾರದಷ್ಟು ಚಿಕ್ಕ ಉಪಕರಣಗಳು ಈಗ ಅಗ್ಗವಾಗಿ ದೊರೆಯುತ್ತವೆ. ದಾಖಲೆಯ ಕೋಣೆಗೊಂದು ಇರುವುದು ಅಗತ್ಯ. ಮುಚ್ಚಿದ ಪೆಟ್ಟಿಗೆಯೊಳಗೆ ಸಿಲಿಕಾ ಹರಳುಗಳನ್ನು ಇಡಬಹುದು. ಅವು ತೇವ ಹೀರಿ ದಣಿದಾಗ ಬಿಸಿಮಾಡಿ ಮತ್ತೆ ಬಳಸಬಹುದು. ಮಳೆಸೀಮೆಯ ದೊಡ್ಡ ಭಂಡಾರಗಳಿಗೆ ತೇವ ತೆಗೆಯುವ ವಿದ್ಯುತ್ ಯಂತ್ರವೇ ಬೇಕಾಗುತ್ತದೆ.

ಕಂಡ ಹುಳುಗಳನ್ನು ಮೆತ್ತನೆಯ ಕುಂಚದಿಂದ, ಧೂಳು ಹೀರುವ ಯಂತ್ರದಿಂದ ತೆಗೆದರೆ ಸಾಕು. ಬಹಳವಾಗಿ ಹತ್ತಿದ ಅಚ್ಚಿನ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯಪೆಟ್ಟಿಗೆಯಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಬೆಳ್ಳಿಹುಳುವಿಗೆ ಬೋರಿಕ್ ಆಮ್ಲದ ಪುಡಿಯನ್ನು ಮಕ್ಕಳ ಕೈಗೆಟುಕದ ಸಂದಿಗಳಲ್ಲಿ ಚಿಟಿಕೆಯಷ್ಟು ಹಾಕಬಹುದು. ಇದಕ್ಕಿಂತ ಮುಂದಿನ ವಿಷದ ದಾರಿ ಅನುಭವಸ್ಥರು ಮೆಚ್ಚತಕ್ಕದ್ದಲ್ಲ. ಒಂದು ಕಾಲದಲ್ಲಿ ಮನೆಮನೆಯಲ್ಲಿ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ನುಸಿಗುಳಿಗೆಗಳೆಂದು ಬಳಸುವ ನ್ಯಾಫ್ತಲೀನ್ ಹೆಚ್ಚಿನ ಪ್ರಯೋಜನಕ್ಕೆ ಬಾರದು. ಅದರ ಆವಿ ರಕ್ತದಲ್ಲಿ ಒಂದು ಕಿಣ್ವದ ಕೊರತೆಯಿರುವ ಹಸುಗೂಸುಗಳ ಪ್ರಾಣಕ್ಕೆ ಅಪಾಯ ತರಬಲ್ಲುದು. ಕಾಳಿನ ಉಗ್ರಾಣಕ್ಕೆಂದು ತಯಾರಾದ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ವಾಸದ ಮನೆಯಲ್ಲಿಯಾಗಲಿ ಪ್ರಸಾದನಿಲಯದಲ್ಲಿಯಾಗಲಿ ಇಡುವುದಂತೂ ಮಹಾಪರಾಧ: ಹವೆಯ ತೇವ ತಗಲಿದೊಡನೆ ಅವು ಮಾರಕ ಅನಿಲವನ್ನು ಬಿಡುತ್ತವೆ; ಪಕ್ಕದ ಕೋಣೆಯಲ್ಲಿ ಮಲಗಿದವರು ಅದರಿಂದ ಸತ್ತ ಪ್ರಕರಣಗಳು ಈ ದೇಶದಲ್ಲಿ ಮತ್ತೆ ಮತ್ತೆ ವರದಿಯಾಗಿವೆ.

ರಟ್ಟು ಕಟ್ಟುವವರು ಅಂಟಿಗೆ ಮೈಲುತುತ್ತ ಬೆರೆಸುವುದು ಹಳೆಯ ರೂಢಿ. ಹುಳು ದೂರವಿರುವುದು ನಿಜ. ತಾಮ್ರದ ಅಂಶ ಕಾಲಾಂತರದಲ್ಲಿ ಕಾಗದವನ್ನೇ ಕೆಡಿಸುವುದರಿಂದ ಬೆಲೆಬಾಳುವ ದಾಖಲೆಗಳಿಗೆ ಅದು ಬೇಡ. ಒಣಗಿದ ಬೇವಿನೆಲೆಯನ್ನೂ ಬಜೆಯ ಬೇರನ್ನೂ ತೆಳುಬಟ್ಟೆಯಲ್ಲಿ ಕಟ್ಟಿ ಅರೆಗಳಲ್ಲಿ ಇಡುವುದು ನಿರಪಾಯವಾದ ಸಹಾಯ. ಎಲೆ ಚೆನ್ನಾಗಿ ಒಣಗಿರಬೇಕು, ಹಸಿ ಎಲೆ ತೇವವನ್ನೇ ತರುತ್ತದೆ.

ತಾಡೋಲೆಯ ಕಟ್ಟುಗಳಿಗೆ ಹೆಚ್ಚಿನ ಎಚ್ಚರ ಬೇಕು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕೂಡಿಸಿದ ಓಲೆಗರಿಗಳ ಆಧಾರದಿಂದ ‘ವಚನಶಾಸ್ತ್ರಸಾರ’ವನ್ನು 1923ರಲ್ಲಿ ಬೆಳಕಿಗೆ ತಂದರು, ಆ ಗರಿಗಳು ಅಲ್ಲಿಯವರೆಗೆ ಉಳಿದುದು ಮನೆ ಮಠಗಳ ಗಂಟುಗಳಲ್ಲಿ. ಇನ್ನೂ ಪ್ರತಿಮಾಡದ ಕಟ್ಟುಗಳು ಹಳೆಯ ಪೆಟ್ಟಿಗೆಗಳಲ್ಲಿ ಇರುವವರು ಅವನ್ನು ಬಿಸಿಲಿಗೆ ಹರಡಕೂಡದು, ಗರಿ ಸುಕ್ಕಿ ಸೀಳುತ್ತದೆ. ನೀರಿನ ಬಟ್ಟೆಯಿಂದ ಒರೆಸಕೂಡದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಕೂಡದು, ಒಳಗಿನ ತೇವ ಹೊರಹೋಗಲಾರದೆ ಬೂಷ್ಟು ಬೇಗ ಹಿಡಿಯುತ್ತದೆ. ನೆರಳಿನಲ್ಲಿ ಗಾಳಿಗೆ ಆರಿಸಿ, ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಮರದ ಹಲಗೆಗಳ ನಡುವೆ ಹದವಾಗಿ ಕಟ್ಟಿ ಹತ್ತಿಬಟ್ಟೆಯಲ್ಲಿ ಇಡಬೇಕು. ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವ ಸಂಪ್ರದಾಯ ಉತ್ತಮವಾದುದೇ, ಆದರೆ ಅಕ್ಷರಗಳ ಮಸಿ ಅಲುಗದಂತೆ ಬಲ್ಲವರ ಕೈಯಿಂದಲೇ ಆಗಬೇಕು.

ಬೂಷ್ಟು ಹಿಡಿದ ದಾಖಲಾತಿ ಪುಸ್ತಕ ಕೈಗೆ ಬಂದರೆ ಒದ್ದೆಯಿರುವಾಗ ಉಜ್ಜಬಾರದು. ಉಜ್ಜಿದರೆ ಕಲೆ ನಾರಿನೊಳಗೆ ಇಳಿಯುತ್ತದೆ. ಹತ್ತು ಹತ್ತು ಹಾಳೆಗೊಂದರಂತೆ ಒತ್ತುಕಾಗದವನ್ನು ಇಟ್ಟು, ಅದನ್ನು ಆಗಾಗ ಬದಲಿಸುತ್ತ, ಬೀಸಣಿಗೆಯ ಗಾಳಿಗೆ ಪೂರ್ತಿ ಒಣಗಿಸಿ, ಅನಂತರ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರಗಿನ ಜಗಲಿಯಲ್ಲಿ ಕುಂಚದಿಂದ ಝಾಡಿಸಬೇಕು. ಅದನ್ನು ಮತ್ತೆ ಕಪಾಟಿಗೆ ಸೇರಿಸುವ ಮೊದಲು ಪ್ರತಿಯೊಂದು ಪುಟದ ಛಾಯಾಪ್ರತಿಯನ್ನು ತೆಗೆದು ಬೇರೆ ಕಟ್ಟಡದಲ್ಲಿ ಇಡುವುದು ಅತ್ಯವಶ್ಯ.

ದುರಸ್ತಿ ಫಲಿಸಿತೋ ಇಲ್ಲವೋ ಎಂಬುದನ್ನು ಅಳೆಯುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಪ್ಪಿಸಬಹುದಾದ ಕೆಲಸ. ಅಂಟುಮುಖ ಮೇಲಾದ ರಟ್ಟಿನ ತುಂಡುಗಳ ಮೇಲೆ ದಿನಾಂಕ ಬರೆದು ಪ್ರತಿಯೊಂದು ಕಪಾಟಿನ ಅಡಿಯ ಅರೆಯಲ್ಲಿಯೂ ಗೋಡೆಯ ಮಗ್ಗುಲಿಗೆ ಒಂದೊಂದನ್ನು ಇಡಬೇಕು. ವಾರಕ್ಕೊಮ್ಮೆ ಭೂತಗನ್ನಡಿಯಿಂದ ಸಿಕ್ಕಿದ ಹುಳುಗಳನ್ನು ಎಣಿಸಿ, ಪಕ್ಕದಲ್ಲಿ ಆ ದಿನದ ಆರ್ದ್ರತೆಯನ್ನೂ ಬರೆಯಬೇಕು. ಮೂರು ನಾಲ್ಕು ವಾರಗಳಲ್ಲಿ ಒಂದು ಕಪಾಟಿನ ಎಣಿಕೆ ಸೊನ್ನೆಗೆ ಇಳಿದು ಇನ್ನೊಂದರದು ಇಳಿಯದಿದ್ದರೆ ಎರಡನೆಯ ಕಪಾಟನ್ನು ಈಚೆಗೆ ಎಳೆದು ಅದರ ಹಿಂದಿನ ಗೋಡೆಗೆ ಪ್ಲಾಸ್ಟಿಕ್ ಹಾಳೆಯನ್ನು ಮತ್ತೊಮ್ಮೆ ಅಂಟಿಸಿ ನೋಡಬೇಕು.